ಹಳೆಯ ಸ್ವಿಂಗ್ ಪರದೆಗಳನ್ನು ಡಿಸೈನರ್‌ನ ಹೊಸ ಆವೃತ್ತಿಗೆ ಒಯ್ದವರು ಅನುಭವ ತಿಳಿಸಬೇಕು

ಪ್ರಶ್ನೆ: ಕಲಬುರಗಿ, ಗಂಜ್ ಭಾಗ

ಮಾನ್ಯರೆ, ನೆಹರು ಗಂಜ್ ಮಾರುಕಟ್ಟೆಯ ಕೆಲವು ಅಡತ್ ಅಂಗಡಿಗಳಲ್ಲಿ ಮತ್ತು ಊರ ಹೊರಗಿನ ದಾಲ್ ಮಿಲ್ ಒಂದರಲ್ಲಿ ತೊಗರಿಯ ತೂಕ, ದರ, ಹಮಾಲಿ ಎಲ್ಲವನ್ನೂ ಲೆಕ್ಕ ಹಾಕಿ ಪಟ್ಟಿ ಮುದ್ರಿಸುವ ಜಾವಾ ತಂತ್ರಾಂಶವೊಂದು ಓಡುತ್ತಿದೆ. ಮೊದಲು ಬರೆದವರು ಪುಣೆಯಲ್ಲಿ ನೆಲೆಸಿರುವುದರಿಂದ ಈಗ ಅದರ ಹೊಣೆ ನನ್ನ ಮೇಲಿದೆ. ಪರದೆಗಳೆಲ್ಲ ಜಾವಾದ ಪರದೆ ಕಟ್ಟುವ ಲೈಬ್ರರಿಯಾದ ಸ್ವಿಂಗ್‌ನಲ್ಲಿವೆ. ಬಹುಪಾಲು, ಕೋಡ್ ಬರೆಯುವ ಸಾಧನವಾದ ನೆಟ್‌ಬೀನ್ಸ್‌ನ ಡಿಸೈನರ್‌ನಲ್ಲಿ (ಬಟನ್, ಲೇಬಲ್‌ಗಳನ್ನು ಮೌಸ್‌ನಿಂದ ಎಳೆದು ಪರದೆ ಮಾಡುವ ಭಾಗ) ಕೂಡಿಸಿದವು, ಕೆಲವು ಮಾತ್ರ ಅಂಥದ್ದೇ ಇನ್ನೊಂದು ಸಾಧನವಾದ ಇಂಟೆಲಿಜೆ ಐಡಿಯಾದಲ್ಲಿ ಮಾಡಿದವು. ಎಲ್ಲವೂ ಜಾವಾ 8ರ ಮೇಲೆ ನಿಂತಿವೆ.

ಈ ಸಾಧನಗಳ ಹೊಸ ಆವೃತ್ತಿಗಳ ಬದಲಾವಣೆ ಪಟ್ಟಿಯನ್ನು ಓದಿದಾಗ ಎಲ್ಲವೂ ನಮಗೇ ಬೇಕಾದದ್ದು ಎನಿಸುತ್ತದೆ. ಆದರೆ ತೊಗರಿಯ ಆವಕ ಶುರುವಾಗುವ ಹೊತ್ತಿಗೆ ಪರದೆ ಕೆಟ್ಟರೆ ಗಂಜ್‌ನಲ್ಲಿ ನನಗೆ ಉಳಿಗಾಲವಿಲ್ಲ. ಎರಡು ತೊಂದರೆಗಳಂತೂ ಈಗಾಗಲೇ ಇವೆ: ಕೆಲವು ಲೇಬಲ್‌ಗಳನ್ನು ಕನ್ನಡಕ್ಕೆ ಬದಲಿಸಿದರೆ ಅಕ್ಷರಗಳ ಬದಲು ಚೌಕಗಳು ಬರುತ್ತವೆ, ಮತ್ತು ಮಿಲ್‌ನವರು ಕೊಂಡ ಹೊಸ ಲ್ಯಾಪ್‌ಟಾಪ್‌ನಲ್ಲಿ ಇಡೀ ಪರದೆ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಡಿಸೈನರ್‌ನ ಆವೃತ್ತಿಯನ್ನು ಏರಿಸಿದರೆ ಇವು ಸರಿಹೋಗುತ್ತವೆಯೇ? ಏರಿಸುವ ಮೊದಲು ಏನನ್ನು ನೋಡಿಕೊಳ್ಳಬೇಕು?

ಉತ್ತರ: ಬೀದರ್, ಕಂಪ್ಯೂಟರ್ ವಿಜ್ಞಾನದ ಉಪನ್ಯಾಸಕಿ

ಹೊಸ ಆವೃತ್ತಿ ಏನನ್ನು ಕೊಡುತ್ತದೆ ಎಂಬುದನ್ನು ಆಮೇಲೆ ನೋಡಿ. ನಿಮ್ಮ ಹಳೆಯ ಫೈಲನ್ನು ಅದು ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಿ. ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ಬಾರಿ ಆವೃತ್ತಿ ಬದಲಿಸುವಾಗ ಇದೊಂದೇ ಪರೀಕ್ಷೆಯನ್ನು ಮೊದಲು ಮಾಡುತ್ತೇವೆ. ಯೋಜನೆಯನ್ನು ಗಿಟ್‌ಗೆ (ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸುವ ಸಾಧನ) ಹಾಕಿ, ಹೊಸ ಡಿಸೈನರ್‌ನಲ್ಲಿ ಒಂದು ಫಾರ್ಮ್ ತೆರೆದು, ಒಂದು ಲೇಬಲನ್ನು ತುಸು ಸರಿಸಿ, ಮತ್ತೆ ಇದ್ದಲ್ಲಿಗೇ ತಂದು, ಉಳಿಸಿ, ಏನು ಬದಲಾಯಿತು ಎಂದು ಗಿಟ್‌ನಲ್ಲಿ ನೋಡುತ್ತೇವೆ. ಏನೂ ಬದಲಾಗದಿದ್ದರೆ ನೆಮ್ಮದಿ. ಒಂದೆರಡು ಸಾಲು ಬದಲಾಗಿದ್ದರೆ ಓದಿ ಅರ್ಥ ಮಾಡಿಕೊಳ್ಳಬಹುದು. ಫೈಲಿನ ಅರ್ಧಭಾಗ ಬದಲಾಗಿ ಕಂಡರೆ, ಆ ಆವೃತ್ತಿಯಲ್ಲಿ ಎಷ್ಟೇ ಒಳ್ಳೆಯ ಸೌಲಭ್ಯವಿದ್ದರೂ ಹಂಗಾಮಿನ ನಡುವೆ ಅದನ್ನು ಮುಟ್ಟಬೇಡಿ.

ಇದು ಏಕೆ ಮುಖ್ಯವೆಂದರೆ, ಪ್ರತಿಯೊಂದು ಡಿಸೈನರ್ ಪರದೆಯನ್ನು ಬೇರೆ ಬೇರೆ ಜಾಗದಲ್ಲಿ ನೆನಪಿಟ್ಟುಕೊಳ್ಳುತ್ತದೆ. ನೆಟ್‌ಬೀನ್ಸ್‌ನಲ್ಲಿ ಜಾವಾ ಫೈಲಿನ ಪಕ್ಕದಲ್ಲೇ ಅದೇ ಹೆಸರಿನ, ಫಾರ್ಮ್ ಎಂಬ ಬಾಲವುಳ್ಳ ಎಕ್ಸ್‌ಎಂಎಲ್ ಫೈಲ್ ಇರುತ್ತದೆ; ಡಿಸೈನರ್ ನಂಬುವುದು ಅದನ್ನೇ. ಜಾವಾ ಫೈಲಿನಲ್ಲಿ ಬೂದು ಬಣ್ಣದಲ್ಲಿ ಕಾಣುವ ಇನಿಟ್ ಕಂಪೊನೆಂಟ್ಸ್ ಭಾಗ (ಪರದೆಯ ಘಟಕಗಳನ್ನು ಹುಟ್ಟಿಸುವ ಕೋಡ್) ಆ ಎಕ್ಸ್‌ಎಂಎಲ್‌ನಿಂದ ಹೊರಟ ನೆರಳು ಮಾತ್ರ. ಯಾರಾದರೂ ನೋಟ್‌ಪ್ಯಾಡ್‌ನಲ್ಲಿ ಆ ಬೂದು ಭಾಗವನ್ನು ತಿದ್ದಿದ್ದರೆ, ಮುಂದೊಮ್ಮೆ ಫಾರ್ಮ್ ಉಳಿಸಿದಾಗ ತಿದ್ದುಪಡಿ ಸದ್ದಿಲ್ಲದೆ ಅಳಿದುಹೋಗುತ್ತದೆ. ಕೈಬದಲಾದ ಯೋಜನೆಗಳಲ್ಲಿ ಇಂಥ ತಿದ್ದುಪಡಿಗಳು ಖಂಡಿತ ಇರುತ್ತವೆ ಎಂದೇ ಎಣಿಸಿ ಹುಡುಕಿರಿ.

ಇಂಟೆಲಿಜೆಯಲ್ಲಿಯೂ ಬೇರೆ ಎಕ್ಸ್‌ಎಂಎಲ್ ಫೈಲ್ ಇದೆ, ಅದರ ಬಾಲವೂ ಫಾರ್ಮ್ ಎಂದೇ ಇದೆ. ಆದರೆ ಒಳಗಿನ ರಚನೆ ಬೇರೆ, ಒಂದನ್ನು ಇನ್ನೊಂದು ಓದುವುದಿಲ್ಲ. ಜೊತೆಗೆ ಅಲ್ಲಿ ಒಂದು ಆಯ್ಕೆಯಿದೆ: ಪರದೆಯ ಕೋಡನ್ನು ನೇರವಾಗಿ ಕ್ಲಾಸ್ ಫೈಲಿನೊಳಗೆ (ಜಾವಾ ಓಡಿಸುವ ಸಿದ್ಧ ಫೈಲ್) ಸೇರಿಸಬೇಕೇ, ಅಥವಾ ಓದಬಲ್ಲ ಜಾವಾ ಮೂಲವಾಗಿ ಬರೆಯಬೇಕೇ ಎಂಬುದು. ಮೊದಲನೆಯದು ಆಯ್ಕೆಯಾಗಿದ್ದು, ನೀವು ಮೇವನ್ ಅಥವಾ ಗ್ರೇಡಲ್ ಎಂಬ ಬಿಲ್ಡ್ ಸಾಧನಗಳಿಂದ ಹೊರಗಡೆ ಬಿಲ್ಡ್ ಮಾಡಿದರೆ, ಪರದೆಯ ಘಟಕಗಳು ಹುಟ್ಟುವುದೇ ಇಲ್ಲ. ತೆರೆದ ಕೂಡಲೇ ನಲ್ ಪಾಯಿಂಟರ್ ದೋಷ ಬರುತ್ತದೆ. ಜಾವಾ ಮೂಲಕ್ಕೆ ಬದಲಿಸಿ, ಒಮ್ಮೆ ಬಿಲ್ಡ್ ಮಾಡಿ, ಹುಟ್ಟಿದ ಕೋಡನ್ನು ಗಿಟ್‌ಗೆ ಸೇರಿಸುವುದು ಕ್ಷೇಮ.

ಎಕ್ಲಿಪ್ಸ್ ಎಂಬ ಇನ್ನೊಂದು ಕೋಡ್ ಬರೆಯುವ ಸಾಧನದ ಡಿಸೈನರ್ ಆದ ವಿಂಡೋಬಿಲ್ಡರ್‌ನ ಹಾದಿಯೇ ಬೇರೆ. ಗೂಗಲ್ ಸಂಸ್ಥೆ 2010ರಲ್ಲಿ ಇನ್‌ಸ್ಟಾಂಟಿಯೇಷನ್ಸ್ ಕಂಪನಿಯನ್ನು ಕೊಂಡು, ಅದೇ ವರ್ಷ ಈ ಸಾಧನವನ್ನು ಎಕ್ಲಿಪ್ಸ್‌ಗೆ ದಾನವಾಗಿ ಕೊಟ್ಟಿತು. ಅದಕ್ಕೆ ಬೇರೆ ಫೈಲ್ ಇಲ್ಲ. ಜಾವಾ ಕೋಡನ್ನೇ ಓದಿ ಪರದೆ ಕಟ್ಟುತ್ತದೆ, ಪರದೆಯಲ್ಲಿ ಮಾಡಿದ್ದನ್ನು ಕೋಡಿಗೇ ಬರೆಯುತ್ತದೆ. ಆದ್ದರಿಂದ ಕೈಬರಹದ ಕೋಡ್ ಉಳಿಯುತ್ತದೆ. ಡೇಟಾಬೇಸ್ ಕರೆಯುವ ಸಾಲನ್ನು ಪರದೆಯ ಕೋಡಿನ ನಡುವೆ ಸೇರಿಸಿದ್ದರೆ ಮಾತ್ರ ಅದು ತಡವರಿಸುತ್ತದೆ.

ಉತ್ತರ: ಯಾದಗಿರಿ ಜಿಲ್ಲೆ, ಶಹಾಪುರ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಡಿಸೆಂಬರ್‌ನಿಂದ ಮುಂದಿನ ಕೆಲವು ತಿಂಗಳು ಏನನ್ನೂ ಏರಿಸಬೇಡಿ. ಹೊಸದನ್ನು ಬೇರೆ ಫೋಲ್ಡರಿನಲ್ಲಿ ಸ್ಥಾಪಿಸಿ, ಹಳೆಯದನ್ನು ಹಾಗೆಯೇ ಬಿಡಿ. ನೆಟ್‌ಬೀನ್ಸ್‌ನ ಇತ್ತೀಚಿನ ಆವೃತ್ತಿಗಳು ಓಡಲು ಜಾವಾ 17 ಅಥವಾ ಅದಕ್ಕಿಂತ ಮೇಲಿನದು ಬೇಕು, ಆದರೆ ಅವುಗಳಲ್ಲಿ ತೆರೆದ ಯೋಜನೆ ಜಾವಾ 8ಕ್ಕೇ ಬಿಲ್ಡ್ ಆಗಬಹುದು. ಇವೆರಡನ್ನೂ ಒಂದೇ ಎಂದು ಭಾವಿಸಿ ಅನೇಕರು ಗಾಬರಿಯಾಗುತ್ತಾರೆ. ಡಿಸೈನರ್ ತೋರಿಸುವ ಮುನ್ನೋಟ ಡಿಸೈನರ್ ಓಡುತ್ತಿರುವ ಜಾವಾದ್ದು, ಅಂಗಡಿಯ ಕಂಪ್ಯೂಟರಿನದ್ದಲ್ಲ. ಅದು ಚಂದ ಕಂಡಿತೆಂದು ಅಂಗಡಿಯಲ್ಲಿಯೂ ಚಂದ ಕಾಣುತ್ತದೆ ಎಂದು ನಂಬುವಂತಿಲ್ಲ.

ಉತ್ತರ: ಕಲಬುರಗಿ, ಆಸ್ಪತ್ರೆ ಮತ್ತು ಶಾಲೆಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುವವರು

ನಿಮ್ಮ ಚೌಕಗಳ ತೊಂದರೆಗೂ ಡಿಸೈನರ್‌ನ ಆವೃತ್ತಿಗೂ ಸಂಬಂಧ ಕಡಿಮೆ. ಲೇಬಲನ್ನು ಆಯ್ಕೆ ಮಾಡಿ ಗುಣಗಳ ಪಟ್ಟಿಯಲ್ಲಿ ಫಾಂಟ್ ಎಂಬ ಸಾಲನ್ನು ನೋಡಿ. ಅಲ್ಲಿ ಟಹೋಮಾ 11 ಎಂದೋ ಏರಿಯಲ್ ಎಂದೋ ಕಂಡರೆ, ಹಿಂದಿನವರು ಆ ಲೇಬಲಿಗೆ ಫಾಂಟನ್ನು ಕೈಯಾರೆ ಕಟ್ಟಿಹಾಕಿದ್ದಾರೆಂದು ತಿಳಿಯಿರಿ. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳಿಲ್ಲ; ಹೀಗೆ ನೇರವಾಗಿ ಹೆಸರಿಸಿದ ಫಾಂಟಿನಲ್ಲಿ ಅಕ್ಷರ ಸಿಗದಿದ್ದರೆ ಜಾವಾ ಚೌಕವನ್ನು ಬಿಡಿಸುತ್ತದೆ. ಡೈಲಾಗ್ ಎಂಬ ಜಾವಾದ ಸ್ವಂತ ಹೆಸರನ್ನು ಕೊಟ್ಟರೆ ಅದು ಕಂಪ್ಯೂಟರಿನಲ್ಲಿರುವ ಕನ್ನಡ ಫಾಂಟನ್ನು ತಾನೇ ಹುಡುಕಿಕೊಳ್ಳಬಹುದು. ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಯುಐ, ಅದಕ್ಕಿಂತ ಹಳೆಯದರಲ್ಲಿ ತುಂಗಾ ಇರುತ್ತವೆ. ಎಲ್ಲ ಅಂಗಡಿಗಳಲ್ಲೂ ಒಂದೇ ರೂಪ ಬೇಕಿದ್ದರೆ ನೋಟೋ ಸ್ಯಾನ್ಸ್ ಕನ್ನಡವನ್ನು ತಂತ್ರಾಂಶದ ಜೊತೆಗೇ ಕಳುಹಿಸಿ, ಶುರುವಿನಲ್ಲೇ ನೋಂದಾಯಿಸಿಕೊಳ್ಳಿ. ಲೇಬಲ್‌ಗಳ ಫಾಂಟನ್ನು ಒಂದೊಂದಾಗಿ ಬದಲಿಸುವ ಬದಲು ಆ ಗುಣವನ್ನೇ ತೆಗೆದುಹಾಕಿ, ಒಂದೇ ಕಡೆಯಲ್ಲಿ ಇಡೀ ತಂತ್ರಾಂಶಕ್ಕೆ ಫಾಂಟ್ ನಿಗದಿ ಮಾಡಿ.

ಚೌಕ ಹೋದ ಮೇಲೆ ಎರಡನೆಯ ತೊಂದರೆ ಕಾಣುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. "ಒಟ್ಟು ಮೊತ್ತ" ಎಂದು ಬರೆದು ನೋಡಿ. ಇಂಗ್ಲಿಷಿಗೆ ಅಳೆದು ಇಟ್ಟ ಲೇಬಲಿನಲ್ಲಿ ಟಕಾರದ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗಿ "ಒಟು" ಎಂಬಂತೆ ಕಾಣುತ್ತದೆ. ಕನ್ನಡಕ್ಕೆ ಸಾಲಿನ ಕೆಳಗೆ ಹೆಚ್ಚು ಜಾಗ ಬೇಕು, ಅಡ್ಡಕ್ಕೂ ಹೆಚ್ಚು ಬೇಕು. ನಲ್ ಲೇಔಟ್‌ನಲ್ಲಿ ಪಿಕ್ಸೆಲ್ ಅಳೆದು ಕೂಡಿಸಿದ ಪರದೆಗಳು ಇಲ್ಲಿ ಸೋಲುತ್ತವೆ. ಘಟಕಗಳ ಜಾಗವನ್ನು ತಾನೇ ಲೆಕ್ಕ ಹಾಕುವ ಗ್ರೂಪ್ ಲೇಔಟ್‌ನಲ್ಲಿದ್ದರೂ, ಯಾರೋ ಮೂಲೆ ಹಿಡಿದು ಎಳೆದಿದ್ದರೆ ಆ ಅಗಲ 86 ಎಂಬಂತಹ ಅಂಕಿಯಾಗಿ ಕೋಡಿನಲ್ಲಿ ಕೂತಿರುತ್ತದೆ. ಎಳೆದ ಗಾತ್ರವನ್ನು ಬಿಡಿಸಿ, ಘಟಕ ತನ್ನ ಅಳತೆಯನ್ನು ತಾನೇ ಹೇಳುವಂತೆ ಮಾಡಬೇಕು. ಕೋಷ್ಟಕಗಳನ್ನೂ ಮರೆಯಬೇಡಿ: ಜೆಟೇಬಲ್ ಎಂಬ ಸ್ವಿಂಗ್ ಕೋಷ್ಟಕದ ಸಾಲಿನ ಎತ್ತರ ನಾವು ಹೇಳದಿದ್ದರೆ ಸಾಮಾನ್ಯವಾಗಿ 16 ಪಿಕ್ಸೆಲ್. "ಅಫಜಲಪುರ" ಹೇಗೋ ಹಿಡಿಸುತ್ತದೆ. "ಚಿತ್ತಾಪುರ" ಎಂದರೆ ಒತ್ತು ಕೆಳಗಿನ ಗೆರೆಗೆ ತಾಗಿ ಮಾಯವಾಗುತ್ತದೆ. ಫಾಂಟಿನ ಎತ್ತರವನ್ನು ಕೇಳಿ ಪಡೆದು, ಅದರ ಮೇಲೆ ಸ್ವಲ್ಪ ಸೇರಿಸಿ ಸಾಲಿನ ಎತ್ತರ ನಿಗದಿ ಮಾಡಿ; ಇದು ಡಿಸೈನರ್‌ನ ಗುಣಪಟ್ಟಿಯಲ್ಲಿ ಅಂಕಿ ತುಂಬಿ ಮುಗಿಸುವ ಕೆಲಸವಲ್ಲ.

ಮೂರನೆಯದು, ಪರದೆಯ ಪಠ್ಯವನ್ನು ಕೋಡಿನಿಂದ ಬೇರೆಯಾಗಿ ಇಡುವ ಪ್ರಾಪರ್ಟೀಸ್ ಫೈಲ್. ಡಿಸೈನರ್‌ಗಳಲ್ಲಿ ಪಠ್ಯವನ್ನೆಲ್ಲ ತಾನಾಗಿ ಪ್ರಾಪರ್ಟೀಸ್ ಫೈಲಿಗೆ ಎತ್ತಿಡುವ ಸೌಲಭ್ಯವಿದೆ; ಕನ್ನಡ, ಇಂಗ್ಲಿಷ್ ಎರಡೂ ಬೇಕಾದ ನಮ್ಮ ಭಾಗದಲ್ಲಿ, ಅದರ ಜೊತೆ ಉರ್ದು, ಮರಾಠಿ ಕೇಳುವ ಗಿರಾಕಿಗಳಿರುವಲ್ಲಿ, ಇದಕ್ಕಿಂತ ಉಪಯುಕ್ತವಾದ ಸೌಲಭ್ಯ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಜಾವಾ 8ರವರೆಗೆ ಆ ಫೈಲುಗಳನ್ನು ಲ್ಯಾಟಿನ್ ಸಂಕೇತದಲ್ಲಿ ಓದಲಾಗುತ್ತಿತ್ತು; ಪ್ರತಿ ಕನ್ನಡ ಅಕ್ಷರವನ್ನೂ ಓರೆಗೆರೆ ಮತ್ತು ಸಂಕೇತಾಂಕಗಳಾಗಿ ಬರೆಯಬೇಕಿತ್ತು. 2017ರ ಜಾವಾ 9ರಿಂದ ರಿಸೋರ್ಸ್ ಬಂಡಲ್‌ಗಳನ್ನು (ಭಾಷೆವಾರು ಪಠ್ಯವಿಡುವ ಪ್ರಾಪರ್ಟೀಸ್ ಫೈಲುಗಳ ಕಟ್ಟು) ಕನ್ನಡವನ್ನೂ ನೇರವಾಗಿ ಬರೆಯಬಲ್ಲ ಯುಟಿಎಫ್-8 ಸಂಕೇತವೆಂದು ಓದಲಾಗುತ್ತದೆ. ಗಮನಿಸಬೇಕಾದದ್ದು, ಇದು ಬಂಡಲ್‌ಗಳಿಗೆ ಮಾತ್ರ. ಪ್ರಾಪರ್ಟೀಸ್ ಫೈಲನ್ನು ನೇರವಾಗಿ ಇನ್‌ಪುಟ್ ಸ್ಟ್ರೀಮ್‌ನಿಂದ ಲೋಡ್ ಮಾಡುವ ಕೋಡ್ ಈಗಲೂ ಲ್ಯಾಟಿನ್ ಎಂದೇ ಓದುತ್ತದೆ. ಅಲ್ಲಿ ಯುಟಿಎಫ್-8 ಎಂದು ಹೇಳಿದ ರೀಡರ್ ಕೊಡಬೇಕು.

ಉತ್ತರ: ಬೀದರ್ ಜಿಲ್ಲೆ, ಹುಮನಾಬಾದ್

ಸಣ್ಣಗೆ ಕಾಣುವ ಪರದೆಯ ವಿಚಾರ. ಜಾವಾ 8ಕ್ಕೆ ವಿಂಡೋಸ್‌ನ ಹಿಗ್ಗಿಸುವ ಪ್ರಮಾಣದ ಪರಿವೆಯೇ ಇಲ್ಲದಿರುವುದರಿಂದ, 200 ಪ್ರತಿಶತಕ್ಕೆ ಇಟ್ಟ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಬಟನ್ ಅರ್ಧವಾಗಿ ಕಾಣುತ್ತದೆ. ವಿಂಡೋಸ್‌ನಲ್ಲಿ ಆ ಪ್ರೋಗ್ರಾಮಿನ ಹೊಂದಾಣಿಕೆ ಆಯ್ಕೆಯನ್ನು ಬದಲಿಸಿ ಹಿಗ್ಗಿಸಬಹುದು, ಆದರೆ ಅಕ್ಷರ ಮಸುಕಾಗುತ್ತದೆ. ಜಾವಾ 9ರಿಂದ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಸ್ವಿಂಗ್ ತಾನಾಗಿಯೇ ಹಿಗ್ಗುತ್ತದೆ. ಅದೇ ಆವೃತ್ತಿಯಲ್ಲಿ ಅಕ್ಷರ ಜೋಡಣೆಯ ಎಂಜಿನ್ ಕೂಡ ಹಾರ್ಫ್‌ಬಜ್‌ಗೆ ಬದಲಾಯಿತು. ಆದ್ದರಿಂದ ನಿಮಗೆ ಬೇಕಾದದ್ದು ಡಿಸೈನರ್‌ನ ಏರಿಕೆಯಲ್ಲ, ಓಡಿಸುವ ಜಾವಾದ ಏರಿಕೆ.

ಕೂಡಲೇ ಜಾವಾ 8 ಬಿಡಲು ಆಗದಿದ್ದರೆ ಸ್ವಿಂಗ್ ಪರದೆಗೆ ಹೊಸ ರೂಪ ಕೊಡುವ ಫ್ಲ್ಯಾಟ್‌ಲಾಫ್ ಸೇರಿಸಿ ನೋಡಿ. ಅದು ಅಪಾಚೆ ಪರವಾನಗಿಯ ಮುಕ್ತ ತಂತ್ರಾಂಶ, ಜಾವಾ 8ರಲ್ಲೂ ತನ್ನದೇ ರೀತಿಯಲ್ಲಿ ಫಾಂಟ್ ಗಾತ್ರಕ್ಕೆ ತಕ್ಕಂತೆ ಹಿಗ್ಗಿಸುತ್ತದೆ. ಅದನ್ನು ಮಾಡುವವರೇ ಜೆಫಾರ್ಮ್‌ಡಿಸೈನರ್ ಎಂಬ ಹಣ ಕೊಟ್ಟು ಕೊಳ್ಳುವ ಡಿಸೈನರ್‌ನ್ನೂ ಮಾಡುತ್ತಾರೆ. ನಿಮ್ಮಲ್ಲಿ ನೆಟ್‌ಬೀನ್ಸ್ ಮತ್ತು ಇಂಟೆಲಿಜೆ ಎರಡೂ ಬಗೆಯ ಫಾರ್ಮುಗಳಿವೆ ಎಂದಿರಿ. ಅದು ಎರಡನ್ನೂ ತನ್ನ ರೂಪಕ್ಕೆ ಪರಿವರ್ತಿಸಬಲ್ಲದು. ಅದರ ಫೈಲ್ ಮೊದಲು ಉದ್ದನೆಯ ಎಕ್ಸ್‌ಎಂಎಲ್ ಆಗಿತ್ತು. ಆಮೇಲೆ ಅಡಕವಾದ ಪಠ್ಯರೂಪಕ್ಕೆ ಬಂತು, ಇಬ್ಬರು ತಿದ್ದಿದ್ದನ್ನು ಗಿಟ್‌ನಲ್ಲಿ ಕೂಡಿಸುವುದು ಸುಲಭವಾಯಿತು. ಬದಲಾವಣೆ ಪಟ್ಟಿಯಲ್ಲಿ ಇಂಥ ಸಾಲು ಕಂಡರೆ ಅದಕ್ಕೆ ಬೆಲೆ ಕೊಡಿ. ಹೊಸ ಬಣ್ಣದ ಐಕಾನುಗಳಿಗಲ್ಲ. ಐಕಾನ್ ಎಂದಾಗ ನೆನಪಾಯಿತು, ಹದಿನಾರು ಪಿಕ್ಸೆಲ್‌ನ ಚಿತ್ರಗಳು ಹಿಗ್ಗಿದಾಗ ಒಡೆದಂತೆ ಕಾಣುತ್ತವೆ, ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ಚಿತ್ರಗಳಿಗೆ ಬದಲಿಸಿಕೊಳ್ಳಿ.

ಉತ್ತರ: ಸೇಡಂ

ನನ್ನದು ಭಿನ್ನಮತ. ಇಷ್ಟೆಲ್ಲ ಕಾಳಜಿ ಡಿಸೈನರ್‌ಗೆ ಬೇಕಾಗುತ್ತದೆ ಎಂದರೆ ಡಿಸೈನರ್ ಏಕೆ ಬೇಕು? ಘಟಕಗಳನ್ನು ಜೋಡಿಸುವ ಮಿಗ್‌ಲೇಔಟ್ ಲೈಬ್ರರಿ ಬಳಸಿ ಕೈಯಿಂದಲೇ ಬರೆದರೆ ಒಂದು ಪರದೆ ಒಂದು ಪುಟದ ಕೋಡಿನಲ್ಲಿ ಮುಗಿಯುತ್ತದೆ, ಯಾವ ಆವೃತ್ತಿಯ ಹಂಗೂ ಇರುವುದಿಲ್ಲ. ಗ್ರೂಪ್ ಲೇಔಟ್‌ನ ಕೋಡನ್ನು ಮನುಷ್ಯರು ಓದಲಾರರು.

ಉತ್ತರ: ಬೀದರ್, ಉಪನ್ಯಾಸಕಿ

ಸರ್, ಒಬ್ಬರೇ ಬರೆದು ಒಬ್ಬರೇ ನೋಡಿಕೊಳ್ಳುವಲ್ಲಿ ತಮ್ಮ ಮಾತು ಸರಿ. ಆದರೆ ಪಟ್ಟಿಯ ಪರದೆಯಲ್ಲಿ ಹಮಾಲಿಯ ಖಾನೆಯನ್ನು ಎಲ್ಲಿ ಇಡಬೇಕೆಂದು ಅಂಗಡಿಯ ಮುನೀಮರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆದು ತೋರಿಸುವ ಅನುಕೂಲ ಕೈಬರಹದಲ್ಲಿಲ್ಲ. ಗ್ರೂಪ್ ಲೇಔಟ್ ಓದಲು ಕಷ್ಟವೆಂಬುದು ನಿಜ. ಅದು ಹುಟ್ಟಿದ್ದೇ ಸಾಧನಕ್ಕಾಗಿ. ನೆಟ್‌ಬೀನ್ಸ್ 5.0ರ ಮಟೀಸ್ ಎಂಬ ಡಿಸೈನರ್ ಯೋಜನೆಯ ಜೊತೆ ಬೇರೆ ಲೈಬ್ರರಿಯಾಗಿ ಬಂದು, 2006ರ ಕೊನೆಯಲ್ಲಿ ಜಾವಾ 6ರೊಳಗೆ ಸೇರಿತು. ಪ್ರಶ್ನೆ ಕೇಳಿದವರು ಇದನ್ನೂ ನೋಡಬೇಕು: ಬಹಳ ಹಳೆಯ ಫಾರ್ಮುಗಳು ಈಗಲೂ ಆ ಹೊರಗಿನ ಲೈಬ್ರರಿಯನ್ನು ಬೇಡುತ್ತಿರಬಹುದು. ಫಾರ್ಮಿನ ಗುಣಗಳಲ್ಲಿ ಲೇಔಟ್ ಕೋಡಿನ ಶೈಲಿಯನ್ನು ಜಾವಾ 6ರ ಪ್ರಮಾಣಿತ ರೂಪಕ್ಕೆ ಬದಲಿಸಿದರೆ ಆ ಲೈಬ್ರರಿಯ ಜಾರ್ ಫೈಲ್ ಬೇಕಾಗುವುದಿಲ್ಲ. ಆಗ ಬೂದು ಭಾಗವೆಲ್ಲ ಬದಲಾಗುತ್ತದೆ, ಆದ್ದರಿಂದ ಅದನ್ನು ಬೇರೆ ಯಾವ ತಿದ್ದುಪಡಿಯ ಜೊತೆಗೂ ಬೆರೆಸದೆ ಒಂದೇ ಕಮಿಟ್‌ನಲ್ಲಿ (ಗಿಟ್‌ನ ಒಂದು ದಾಖಲೆ) ಮಾಡಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಮೇಡಂ ಹೇಳಿದಂತೆ ಯೋಜನೆಯ ಒಂದು ನಕಲನ್ನು ಮಾಡಿಕೊಂಡು, ಹೊಸ ಆವೃತ್ತಿಯಲ್ಲಿ ತೆರೆದು ಉಳಿಸಿ ನೋಡಿದೆ. ಪಟ್ಟಿಯ ಫಾರ್ಮಿನಲ್ಲಿ ಏನೂ ಬದಲಾಗಲಿಲ್ಲ. ತೂಕದ ಕಾಟಾದಿಂದ ಅಂಕಿ ಓದುವ ಪರದೆಯಲ್ಲಿ ಮಾತ್ರ, ಬೂದು ಭಾಗದೊಳಗೆ ಯಾರೋ ಸೇರಿಸಿದ್ದ ಒಂದು ಸಾಲು ಅಳಿದುಹೋಯಿತು. ಕಾಟಾವನ್ನು ಕಂಪ್ಯೂಟರಿಗೆ ಜೋಡಿಸುವ ಸೀರಿಯಲ್ ಪೋರ್ಟಿನ ಹೆಸರನ್ನು ಅಲ್ಲಿಯೇ ತುಂಬಿದ್ದರು. ಆ ಸಾಲನ್ನು ಕನ್‌ಸ್ಟ್ರಕ್ಟರ್‌ನಲ್ಲಿ (ಪರದೆ ಹುಟ್ಟುವಾಗ ಓಡುವ ಕೋಡ್), ಇನಿಟ್ ಕಂಪೊನೆಂಟ್ಸ್ ಕರೆದ ನಂತರದ ಜಾಗಕ್ಕೆ ಒಯ್ದಿದ್ದೇನೆ. ಚೌಕಗಳಿದ್ದ ಲೇಬಲ್‌ಗಳೆಲ್ಲ ಟಹೋಮಾವೇ ಆಗಿದ್ದವು. ಅದನ್ನು ಮತ್ತು ಕೋಷ್ಟಕದ ಸಾಲಿನ ಎತ್ತರವನ್ನು ಹಳೆಯ ಆವೃತ್ತಿಯಲ್ಲೇ ಸರಿಪಡಿಸಬಹುದಾದ್ದರಿಂದ ಈ ವಾರವೇ ಮಾಡುತ್ತೇನೆ. ಮಿಲ್‌ನ ಲ್ಯಾಪ್‌ಟಾಪ್‌ಗೆ ಸದ್ಯ ಫ್ಲ್ಯಾಟ್‌ಲಾಫ್ ಹಾಕಿ, ಜಾವಾ 17 ಮತ್ತು ಡಿಸೈನರ್‌ನ ಏರಿಕೆಯನ್ನು ತೊಗರಿಯ ಆವಕ ಇಳಿದ ಮೇಲೆ ಕೈಗೆತ್ತಿಕೊಳ್ಳುತ್ತೇನೆ. ಕಾಟಾದ ಸೀರಿಯಲ್ ಪೋರ್ಟ್ ಓದಲು ಹಳೆಯ ಆರ್‌ಎಕ್ಸ್‌ಟಿಎಕ್ಸ್ ಲೈಬ್ರರಿಯನ್ನೇ ಜಾವಾ 17ರಲ್ಲೂ ಮುಂದುವರಿಸಿದವರು, ಅಥವಾ ಅದನ್ನು ಬಿಟ್ಟು ಜೆಸೀರಿಯಲ್‌ಕಾಮ್‌ಗೆ ಬಂದವರು ಇದ್ದರೆ, ಅಷ್ಟರೊಳಗೆ ದಯವಿಟ್ಟು ಇಲ್ಲಿಯೇ ಬರೆಯಿರಿ.