ಸಹಾಯ ಬೇಕು: ಮುಂಬೈಯ ಗೋವಂಡಿ, ಮಾನಖುರ್ದ್ ಕಡೆಯ ಕನ್ನಡ ಮನೆಗಳ ಪರಿಚಯ ಯಾರಿಗಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಮಕ್ಕಳು ಶಾಲೆ ತಪ್ಪಿಸುವುದಕ್ಕೂ ಅವರ ಆರೋಗ್ಯ, ಸುತ್ತಲಿನ ಗಾಳಿ-ನೀರಿಗೂ ಏನು ನಂಟು ಅನ್ನೋದು ನನ್ನ ಪ್ರಬಂಧದ ವಿಷಯ.

ಇದನ್ನು ಹಿಡಿಯಲು ಕಾರಣ ಕೀನ್ಯಾದ ಒಂದು ಅಧ್ಯಯನ. ಬುಸಿಯಾ ಎಂಬಲ್ಲಿ ಶಾಲಾಮಕ್ಕಳಿಗೆ ಜಂತುಹುಳದ ಮಾತ್ರೆ ಕೊಟ್ಟು ನೋಡಿದರು. ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು ಎಂದು ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ 2004ರಲ್ಲಿ ಬರೆದರು. ಮಾತ್ರೆ ನುಂಗದ ಮಕ್ಕಳಿಗೂ ಲಾಭವಾಗಿತ್ತಂತೆ, ಯಾಕಂದ್ರೆ ಹುಳ ಹರಡುವುದೇ ಕಡಿಮೆಯಾಯಿತು. ಆ ಲೆಕ್ಕದ ಬಗ್ಗೆ ಮುಂದೆ ಜೋರು ಚರ್ಚೆಯೂ ನಡೆಯಿತು. ನಮ್ಮಲ್ಲೂ 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಎಂಬ ಜಂತುಹುಳದ ಮಾತ್ರೆ ಕೊಡುತ್ತಿದ್ದಾರೆ.

ಆದರೆ ಗೋವಂಡಿ ಹತ್ತಿರದ ದೇವನಾರ್ ಕಸದ ಗುಡ್ಡದ ಪಕ್ಕ ಬೆಳೆಯುವ ಮಗುವಿಗೆ ಮಾತ್ರೆ ಒಂದೇ ಸಾಕಾ? ಹೊಗೆ, ಕೆಮ್ಮು, ನೀರಿಗಾಗಿ ಕಾಯೋದು, ಚಿಕ್ಕ ತಂಗಿಯನ್ನು ನೋಡಿಕೊಳ್ಳೋದು. ಯಾವುದಕ್ಕೆ ಎಷ್ಟು ದಿನ ಶಾಲೆ ತಪ್ಪುತ್ತದೆ ಎಂದು ತಾಯಂದಿರೇ ಹೇಳಬೇಕು, ಅಲ್ವಾ?

ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಅಲ್ಲಿ ನೆಲೆಸಿರುವ ಮನೆಗಳ ಪರಿಚಯ ಇದ್ದರೆ ದಯವಿಟ್ಟು ತಿಳಿಸಿ. ನಾನು ಉಡುಪಿಯವಳು. ನನ್ನ ಮಾತು ಅವರಿಗೆ ಪುಸ್ತಕದ ಹಾಗೆ ಕೇಳಿಸುತ್ತದೆ, ಹಾಗಾಗಿ ಮನಬಿಚ್ಚಿ ಮಾತಾಡುವುದಿಲ್ಲ. ಆ ಕಡೆಯ ಅಕ್ಕ ಯಾರಾದರೂ ಎರಡು ಭಾನುವಾರ ಜೊತೆಗೆ ಬಂದರೆ ತುಂಬಾ ಉಪಕಾರವಾಗುತ್ತದೆ. ಪ್ರಶ್ನೆಗಳನ್ನು ಮೊದಲೇ ಓದಿ, ಅವರ ಮಾತಿಗೆ ಹೊಂದಿಸಿ ಕೊಟ್ಟರೂ ಸಾಕು.

ಯಾರ ಹೆಸರೂ ಬರೆದುಕೊಳ್ಳುವುದಿಲ್ಲ. ಬೇಡ ಅಂದವರನ್ನು ಒತ್ತಾಯಿಸುವುದಿಲ್ಲ. ಬರಲು ಸಾಧ್ಯವಿರುವವರು ನನಗೆ ಮೆಸೇಜ್ ಮಾಡಿ.