ಪದಚರ್ಚೆ: ಗಾಡಿ ಬಂದದ್ದು ತಿಳಿದು ಬದಲಾಗುವ ಸಿಗ್ನಲ್ಲಿಗೆ ಏನೆನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಹುಬ್ಬಳ್ಳಿಯಿಂದ:
ನಮಸ್ಕಾರ. ಕೂಡುರಸ್ತೆಯೊಂದರ ಫಲಕ, ಜೊತೆಗೆ ಚಾಲಕರಿಗೆ ಹಂಚುವ ಎರಡು ಪುಟದ ಕರಪತ್ರ ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ಬಂದ ಗಾಡಿ ತಿಳಿದು ಬದಲಾಗುವ ‘ವೆಹಿಕಲ್ ಆಕ್ಚುಯೇಟೆಡ್’ ಸಿಗ್ನಲ್ ಬೇರೆ, ಇಡೀ ಸಾಲಿನ ದಟ್ಟಣೆ ನೋಡಿ ಬದಲಾಗುವ ‘ಅಡಾಪ್ಟಿವ್’ ಬೇರೆ. ಹಳೆಯ ಕರಡಿನಲ್ಲಿ ಎರಡಕ್ಕೂ ‘ಹೊಂದಾಣಿಕೆಯ ಸಂಕೇತದೀಪ’ ಎಂದು ಬರೆದಿದ್ದಾರೆ. ಬಸ್ಸಿಗೆ ಹಸಿರು ತುಸು ಬೆಳೆಸುವ ‘ಪ್ರಯಾರಿಟಿ’, ಆಂಬುಲೆನ್ಸಿಗೆ ಸರದಿ ಮುರಿದು ಹಸಿರು ಕೊಡುವ ‘ಪ್ರಿಎಂಪ್ಷನ್’ ಎರಡೂ ‘ಆದ್ಯತೆ’ಯಾಗಿ ಕೂತಿವೆ. ಫಲಕದಲ್ಲಿ ಆರು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಧಾರವಾಡದಿಂದ:
‘ಹೊಂದಾಣಿಕೆ’ ಬೇಡವೇ ಬೇಡ. ಇಬ್ಬರು ತಂತಮ್ಮ ಪಟ್ಟು ಸಡಿಲಿಸಿದರೆ ಅದು ಹೊಂದಾಣಿಕೆ. ‘ಸಂಕೇತದೀಪ’ವೂ ಬೇಡ, ಎರಡೂ ತುಂಡು ಸಂಸ್ಕೃತದ್ದು. ನಮ್ಮಲ್ಲಿ ‘ಕೈಮರ’ ಇದೆ. ಬೀಸುಗಲ್ಲು, ನಿಲುಗನ್ನಡಿಯ ಹಾಗೆ ‘ಅರಿ’ಗೆ ‘ಕೈಮರ’ ಸೇರಿಸಿದರೆ ಅರಿಗೈಮರ. ಕಕಾರ ಗಕಾರವಾಗುವುದನ್ನು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನಾಲ್ಕು ದಿನ ಬಳಸಿದರೆ ನಾಲಿಗೆಗೆ ಹತ್ತುತ್ತದೆ.

ಹಾವೇರಿಯಿಂದ:
ಕೈಮರ ಊರಿನ ದಾರಿ ತೋರಿಸುವ ಕಂಬ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಆ ಹೆಸರಿನ ಊರೇ ಇದೆ. ‘ಅರಿ’ ಎಂದರೆ ನಮ್ಮ ಹೊಲದಲ್ಲಿ ಕೊಯ್ದು ಹಾಕಿದ ಪೈರಿನ ಹಿಡಿ. ಬಿಡಿ, ಇದು ಫಲಕಕ್ಕೆ ಬರುವ ಪದವಲ್ಲ.

ಮೊದಲು ಯಂತ್ರದ ಕೆಲಸ ನೋಡೋಣ. ಆಕ್ಚುಯೇಟೆಡ್ ಸಿಗ್ನಲ್ಲಿಗೆ, ನಿಲ್ಲುವ ಗೆರೆಯ ಹಿಂದೆ ಡಾಂಬರನ್ನು ಸುಮಾರು 5 ಸೆಂ.ಮೀ. ಆಳ ಸೀಳಿ, ತಾಮ್ರದ ತಂತಿಯನ್ನು ಮೂರು-ನಾಲ್ಕು ಸುತ್ತು ಕೂರಿಸಿ, ಮೇಲೆ ಸೀಲಂಟ್ ತುಂಬುತ್ತಾರೆ. ಗಾಡಿಯ ಲೋಹ ಮೇಲೆ ಬಂತೆಂದರೆ ಸುರುಳಿಯ ಇಂಡಕ್ಟನ್ಸ್ ಎಂಬ ವಿದ್ಯುತ್ ಗುಣ ಇಳಿಯುತ್ತದೆ, ಸಿಗ್ನಲ್ ನಡೆಸುವ ಕಂಟ್ರೋಲರಿಗೆ ಸುದ್ದಿ ಮುಟ್ಟುತ್ತದೆ. ಉದಾಹರಣೆಗೆ ಕನಿಷ್ಠ ಹಸಿರು 7 ಸೆಕೆಂಡ್ ಎಂದು ಕೂರಿಸಿದ್ದರೆ, ಅದು ಮುಗಿಯುವಾಗ ಇನ್ನೊಂದು ಗಾಡಿ ಬಂದರೆ 3 ಸೆಕೆಂಡ್ ಬೆಳೆಯುತ್ತದೆ. ಹೀಗೇ ಬೆಳೆಯುತ್ತ 40ಕ್ಕೆ ನಿಲ್ಲುತ್ತದೆ. ಗಾಡಿ ಬರುವುದು ನಿಂತರೆ ಹಸಿರೂ ಅಲ್ಲಿಗೇ ಮುಗಿಯಿತು. ಇದು ಒಂದೇ ಕೂಡುರಸ್ತೆಯ ಲೆಕ್ಕ.

ಅಡಾಪ್ಟಿವ್ ಆದರೆ ಸಾಲಿಗಿರುವ ಕೂಡುರಸ್ತೆಗಳನ್ನೆಲ್ಲ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತದೆ: ಕೆಂಪು-ಹಸಿರಿನ ಒಂದು ಸುತ್ತಿಗೆ ಎಷ್ಟು ಹೊತ್ತು, ಯಾವ ದಿಕ್ಕಿಗೆ ಎಷ್ಟು ಪಾಲು, ಮುಂದಿನ ಸಿಗ್ನಲ್ ಎಷ್ಟು ತಡವಾಗಿ ಹಸಿರಾಗಬೇಕು. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಮುಂದಿನ ಸಿಗ್ನಲ್ 500 ಮೀಟರ್ ಆಚೆ ಇದ್ದರೆ 50 ಸೆಕೆಂಡ್ ತಡ. ಅಲ್ಲಿ ಮೊದಲೇ ಸಾಲು ನಿಂತಿದ್ದರೆ ಅದು ಕರಗಲೆಂದು ಇನ್ನೂ ಬೇಗ ಹಸಿರು ಕೊಡಬೇಕು. ಬ್ರಿಟನ್ನಿನ ಸ್ಕೂಟ್, ಸಿಡ್ನಿಯಲ್ಲಿ ಹುಟ್ಟಿದ ಸ್ಕ್ಯಾಟ್ಸ್, ನಮ್ಮ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಕೋಸಿಕಾಸ್ಟ್ ಈ ಬಗೆಯವು. ಆದ್ದರಿಂದ ಕರಪತ್ರಕ್ಕೆ ಮೊದಲನೆಯದು ‘ಗಾಡಿ ಅರಿಯುವ ಸಿಗ್ನಲ್’, ಎರಡನೆಯದು ‘ದಟ್ಟಣೆಗೆ ತಕ್ಕಂತೆ ಬದಲಾಗುವ ಸಿಗ್ನಲ್’.

ಫಲಕದಲ್ಲಿ ಯಂತ್ರದ ಹೆಸರೇ ಬೇಡ. ಬೈಕಿನವರು ಗೆರೆ ದಾಟಿ ಜೀಬ್ರಾ ಪಟ್ಟಿಯ ಮೇಲೆ ನಿಂತರೆ ಸುರುಳಿ ಹಿಂದೆ ಉಳಿಯುತ್ತದೆ. ಹಿಂದೆ ಬೇರೆ ಗಾಡಿ ಇಲ್ಲದಿದ್ದರೆ ಆ ಕಡೆಗೆ ಯಾರೂ ಬಂದಿಲ್ಲವೆಂದೇ ಕಂಟ್ರೋಲರ್ ತಿಳಿಯುತ್ತದೆ. ಹಸಿರು ಬರುವುದಿಲ್ಲ, ಅವರು ಕೆಂಪಿನಲ್ಲೇ ನುಗ್ಗುತ್ತಾರೆ. ‘ಬಿಳಿ ಗೆರೆ ದಾಟದೆ ನಿಲ್ಲಿ, ಹಸಿರು ಬರುತ್ತದೆ’ ಎಂದು ಹಾಕಿ. ಆರೇ ಪದ. ಸುರುಳಿಯ ನಟ್ಟನಡುವೆ ನಿಂತ ಬೈಕು ಕೆಲವೊಮ್ಮೆ ಸಿಗುವುದಿಲ್ಲ, ತಂತಿಯ ಗೀಟಿನ ಮೇಲೆ ಚಕ್ರ ಇದ್ದರೆ ಸಿಗುತ್ತದೆ. ಇದನ್ನು ಕರಪತ್ರದಲ್ಲಿ ಚಿತ್ರ ಹಾಕಿ ತೋರಿಸಿ.

ಧಾರವಾಡದಿಂದ:
ಗಾಡಿ, ಸಿಗ್ನಲ್, ರಸ್ತೆ, ಬೈಕು! ಇದು ಕನ್ನಡ ಫಲಕವೇ? ಹೀಗೆ ಒಂದೊಂದೇ ಒಳಗೆ ಬಿಟ್ಟುಕೊಂಡರೆ ನಮಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಗದಗದಿಂದ:
ಪ್ರತ್ಯಯ ಉಳದ್ರ ಭಾಷಾ ಉಳೀತು ಅಂತನ ತಿಳೀರಿ. ಸಿಗ್ನಲ್ಲಿಗೆ, ಸಿಗ್ನಲ್ಲಿನ್ಯಾಗ ಅಂತ ಮಂದಿ ಅನ್ನಾಕತ್ತಾರ, ಅದು ನಮ್ಮದಾತು. ಪಾರ್ಸಿಯಿಂದ ಬಂದ ರಸ್ತೆ ತಗದು ಹಾಕಿದ್ರ ನಿಮ್ಮ ಮನಿ ವಿಳಾಸನೂ ಬರಿಯಾಕ ಬರೂದಿಲ್ಲ. ಅಚ್ಚ ನಮ್ಮ ಮಾತು ಬೇಕಂದ್ರ ಚಿಗರಿ ನೋಡ್ರಿ: ರಾಣೆಬೆನ್ನೂರ ಕಡೆ ಹೊಲದಾಗ ಓಡೂ ಪ್ರಾಣಿ, ಮಂದಿ ಬಾಯಾಗಿದ್ದ ಹೆಸರು, ಹುಬ್ಬಳ್ಳಿ-ಧಾರವಾಡದ ನಡುವ ಓಡೂ ಬಸ್ಸಿಗಿಟ್ಟ ಕೂಡಲೆ ನಿಂತ್ತು. ಅರಿಗೈಮರ ಯಾರ ಬಾಯಾಗೂ ಇಲ್ಲ.

ಇನ್ನೊಂದು ಮಾತು, ಪದ ಆರಿಸುವ ಎಲ್ಲರಿಗೂ. ಬದಲಾಗುವ ಎಲ್‌ಇಡಿ ಫಲಕದ ಮಾತು ಬಂದರೆ ಒತ್ತಕ್ಷರ ಎಣಿಸಿ. ಸಾಮಾನ್ಯ ಪಿ10 ಪ್ಯಾನೆಲ್ಲಿನಲ್ಲಿ 10 ಮಿ.ಮೀ. ಅಂತರದ 16 ಸಾಲು ದೀಪ, ಅಂದರೆ 160 ಮಿ.ಮೀ. ಎತ್ತರ. ಮೇಲೆ ಗುಡಿಸು, ಕೆಳಗೆ ಒತ್ತು ಹೋಗಿ ಮೂಲ ಅಕ್ಷರಕ್ಕೆ ಉಳಿಯುವುದು ಹತ್ತು ಸಾಲಿನ ಆಸುಪಾಸು. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಹಾಕಿದರೆ ಒತ್ತುಗಳು ಕಲಸಿಹೋಗುತ್ತವೆ. ‘ಮುಂದೆ ಕೆಲಸ ನಡೆದಿದೆ, ನಿಧಾನ’ ಎಂಬುದರಲ್ಲಿ ಒಂದೂ ಒತ್ತಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 14 ಮೀಟರ್ ಹೋಗುತ್ತದೆ. ಅಕ್ಷರ 60 ಮೀಟರಿನಿಂದ ಕಂಡರೂ ಓದಲು ಸಿಗುವುದು ನಾಲ್ಕೇ ಸೆಕೆಂಡ್, ಅಷ್ಟರಲ್ಲಿ ಕಣ್ಣು ರಸ್ತೆಯ ಮೇಲೂ ಇರಬೇಕು.

ಹುಬ್ಬಳ್ಳಿಯಿಂದ:
ಗೆರೆಯ ವಾಕ್ಯ ತೆಗೆದುಕೊಂಡೆ. ಆದ್ಯತೆಯದು ಉಳಿಯಿತು. ಇಂಗ್ಲಿಷ್ ಮೂಲದಲ್ಲಿ ಕ್ಯಾಮೆರಾ ‘ಡಿಟೆಕ್ಷನ್’ ಎಂದೂ ಇದೆ, ‘ನಿಗಾ’ ಎನ್ನಬಹುದೇ?

ಹಾವೇರಿಯಿಂದ:
‘ನಿಗಾ’ ಕೂಡದು, ಓದಿದವರು ದಂಡ ಹಾಕುವ ಕ್ಯಾಮೆರಾ ಎಂದುಕೊಳ್ಳುತ್ತಾರೆ. ದಂಡ ಹಾಕುವ ಕ್ಯಾಮೆರಾಕ್ಕೆ ಕೇಂದ್ರ ಮೋಟಾರು ವಾಹನ ನಿಯಮ 167ಎ (2021) ಪ್ರಕಾರ ಬೇರೆ ಎಚ್ಚರಿಕೆ ಫಲಕ ಇರಬೇಕು. ಇದು ಬರೀ ಗಾಡಿ ಎಣಿಸುವ ಕ್ಯಾಮೆರಾ. ‘ಗಾಡಿ ಗುರುತಿಸುವ ಕ್ಯಾಮೆರಾ’ ಸಾಕು.

ಬಸ್ಸಿನದು ‘ಆದ್ಯತೆ’ಯೇ ಸರಿ. ಬಸ್ಸು ಹತ್ತಿರ ಬಂದರೆ ಹಸಿರು ಕೆಲವು ಸೆಕೆಂಡ್ ಬೆಳೆಯುತ್ತದೆ, ಇಲ್ಲವೆ ಕೆಂಪು ಬೇಗ ಮುಗಿಯುತ್ತದೆ, ಸುತ್ತು ಮುರಿಯುವುದಿಲ್ಲ. ಪಾದಚಾರಿಯ ಪಾಲು ಮುಟ್ಟುವಂತಿಲ್ಲ: ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿದರೆ 14.4 ಮೀಟರ್ ದಾಟಲು 12 ಸೆಕೆಂಡ್ ಬೇಕೇ ಬೇಕು. ಆಂಬುಲೆನ್ಸಿಗಾದರೆ ನಡೆಯುತ್ತಿರುವ ಸುತ್ತನ್ನೇ ಮುರಿದು ಹಸಿರು ಕೊಡುತ್ತಾರೆ. ಅದಕ್ಕೆ ‘ದಾರಿ ತೆರವು’ ಎನ್ನಿ. ಅಲ್ಲಿಯೂ ಹಳದಿ, ಅದರ ಬೆನ್ನಿಗೆ ನಾಲ್ಕೂ ಕಡೆ ಕೆಂಪು, ಇವೆರಡನ್ನು ಹಾರಿಸಬಾರದು. ಹಾರಿಸಿದರೆ ಹಸಿರು ಇರುವಾಗ ಒಳಬಂದ ಗಾಡಿ ನಡುರಸ್ತೆಯಲ್ಲೇ ಸಿಕ್ಕಿಬೀಳುತ್ತದೆ.

ಧಾರವಾಡದಿಂದ:
‘ತೆರವು’ ಒಪ್ಪಿದೆ, ‘ತೆರೆ’ಯಿಂದ ಬಂದದ್ದು. ‘ಆದ್ಯತೆ’ಗೆ ‘ಮೊದಲ ಸರದಿ’ ಹಾಕಬಹುದಿತ್ತು. ‘ನಿಲ್ಲುವ ಗೆರೆ’ಯನ್ನು ಕರಪತ್ರದಲ್ಲಾದರೂ ‘ನಿಲುಗೆರೆ’ ಮಾಡಿ. ಸಿಗ್ನಲ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಹುಬ್ಬಳ್ಳಿಯಿಂದ:
ನಿಲುಗೆರೆ, ದಾರಿ ತೆರವು ಎರಡೂ ಸೇರಿಸಿದೆ. ಬಸ್ಸಿಗೆ ಆದ್ಯತೆಯೇ ಇರಲಿ. ಕೆಟ್ಟಾಗ ಏನಾಗುತ್ತದೆ ಎಂದು ಒಂದು ಸಾಲು ಹಾಕಲೇ?

ಹಾವೇರಿಯಿಂದ:
ಹಾಕಿ. ನೀರಿನ ಪೈಪಿಗೆ ಅಗೆದಾಗಲೋ ಹಳೆ ಡಾಂಬರು ಕೆರೆದಾಗಲೋ ತಂತಿ ತುಂಡಾಗುತ್ತದೆ. ಆಗ ಕಂಟ್ರೋಲರ್ ಅಲ್ಲಿ ಸದಾ ಗಾಡಿ ಇದೆಯೆಂದೇ ಹಿಡಿಯುವಂತೆ ಇಟ್ಟಿರುತ್ತಾರೆ, ಯಾರೂ ಸಿಕ್ಕಿಕೊಳ್ಳಬಾರದೆಂದು. ‘ಖಾಲಿ ರಸ್ತೆಗೆ ಪ್ರತಿ ಸುತ್ತೂ ಪೂರ್ತಿ 40 ಸೆಕೆಂಡ್ ಹಸಿರು ಬರುತ್ತಿದ್ದರೆ ಸಂಚಾರ ಠಾಣೆಗೆ ತಿಳಿಸಿ’ ಎಂದು ಬರೆಯಿರಿ. ನಿಲುಗೆರೆಯ ಬಣ್ಣ ಮಾಸಿದ್ದರೆ ಫಲಕ ನಿಲ್ಲಿಸುವ ಮೊದಲು ಅದನ್ನು ಬಳಿಸಿ.