ಕುದುರೆಯ ಟ್ರಾಟ್‌ನಲ್ಲಿ (ಕುಲುಕು ಓಟದಲ್ಲಿ) ಎಗರಿ ಬೀಳುತ್ತೇನೆ, ಏನು ಮಾಡಲಿ?

ಪ್ರಶ್ನೆ: ಸವಾರಿ ಕಲಿಯಲು ಶುರುಮಾಡಿ 6 ವಾರ. ನಡಿಗೆ ಸಲೀಸು. ಟ್ರಾಟ್ ಶುರುವಾದರೆ ಜೀನಿನ ಮೇಲೆ ಕುಕ್ಕರಿಸಿ ಬೀಳುತ್ತೇನೆ, ಲಗಾಮಿಗೆ ಜೋತುಬೀಳುತ್ತೇನೆ. ಕುದುರೆಯ ಬಾಯಿ ನೋಯುತ್ತದೆಂದು ಸಂಕಟ.

ಉತ್ತರ 1: ಆ ಸಂಕಟ ಒಳ್ಳೆಯದೇ. ಲಗಾಮು ಬಿಟ್ಟುಬಿಡಿ. ಗುರುಗಳು ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತಿಸಲಿ, ನೀವು ಬರಿಗೈಯಲ್ಲಿ ಕೂರಿ. ನಾನು ಎರಡು ತಿಂಗಳು ಹೀಗೇ ಕೂತೆ, ಕೆಲವು ದಿನ ರಿಕಾಪೂ (ಕಾಲಿಡುವ ಬಳೆ) ಇಲ್ಲದೆ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಲಿ. ಟ್ರಾಟ್ ಎರಡು ತಾಳದ ಓಟ, ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಗಟ್ಟಿಯಾಗಿ ಎಣಿಸಿ: ಒಂದಕ್ಕೆ ಏಳಿ, ಎರಡಕ್ಕೆ ಮೆಲ್ಲಗೆ ಕೂರಿ.

ಉತ್ತರ 2: ಹತ್ತುವ ಮುಂಚೆ ಕುದುರೆಯ ಮೈ ಉಜ್ಜಿ, ಗೊರಸು ಶುಚಿಮಾಡಿ. ಭುಜದ ಕಡೆಯಿಂದ ಹೋಗಿ. ನೇರ ಹಿಂದೆ ಅದಕ್ಕೆ ಕಾಣಿಸದು.

ಪ್ರಶ್ನಿಸಿದವರು: ಇಂದು ಎಣಿಸಿದೆ. ಉಸಿರು ಬಿಗಿಹಿಡಿಯುತ್ತಿದ್ದೆನೆಂದು ಆಗಲೇ ಗೊತ್ತಾಯಿತು!